ತಮ್ಮನ ತೋಳಿನ ಪಟ್ಟಿ

ವಿಮಾನ ನಡೆಸುವವರ ಕೋಟಿನ ತೋಳಿಗೆ ಜರಿಪಟ್ಟಿ ಹಾಕುತ್ತಾರೆ. ನಾಲ್ಕು ಪಟ್ಟಿ ಇದ್ದರೆ ಕ್ಯಾಪ್ಟನ್, ಎಡಗಡೆ ಸೀಟು. ಮೂರಿದ್ದರೆ ಬಲಗಡೆ ಕೂರುವ ಕೋ-ಪೈಲಟ್. ನನಗೆ ಹೇಗೆ ಗೊತ್ತು ಅಂದರೆ, ಆ ಪಟ್ಟಿ ಹೊಲಿಯುವವಳು ನಾನೇ. ಏರ್‌ಪೋರ್ಟಿನ ಹಿಂದಿನ ಬೀದಿಯಲ್ಲಿ ನನ್ನ ಟೈಲರ್ ಅಂಗಡಿ. ಎದುರಿಗೆ ಟೈರಿನವನು, ಪಕ್ಕದಲ್ಲಿ ಬೀಗದ ಕೈ ಮಾಡುವವನು. ವಿಮಾನ ಏರುವಾಗ ಗಾಜಿನ ಬಾಗಿಲು ಗಡಗಡ ನಡುಗುತ್ತದೆ. ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಾರೆ. ನಮ್ಮ ಬೀದಿಯ ಜಗಳಗಳೂ ಹಾಗೆಯೇ ನಡೆಯುತ್ತವೆ.

ನನ್ನ ತಮ್ಮನಿಗೆ ನಾಲ್ಕನೆಯ ಪಟ್ಟಿ ಹೊಲಿದದ್ದೂ ನಾನೇ. ಅಪ್ಪ ಅಮ್ಮ ಬೇಗ ಹೋದರು. ಅವನನ್ನು ಎತ್ತಿ ಆಡಿಸಿದ್ದು, ಕಿವಿ ಹಿಂಡಿ ಓದಿಸಿದ್ದು ನಾನು. ಜೊತೆಯವರು ಅವನನ್ನು ‘ಬೆಣ್ಣೆ’ ಅಂತ ಕರೆಯುತ್ತಾರೆ. ವಿಮಾನ ಇಳಿಸಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗಂತೆ, ನಿದ್ದೆಯಲ್ಲಿದ್ದವರಿಗೆ ನೆಲ ಮುಟ್ಟಿದ್ದೇ ತಿಳಿಯುವುದಿಲ್ಲವಂತೆ. ಮನುಷ್ಯನೂ ಹಾಗೆಯೇ, ಎಲ್ಲಿ ಒತ್ತಿದರೆ ಅಲ್ಲಿ ತಗ್ಗುತ್ತಾನೆ. ನನಗೆ ಅವನ ಮೇಲೆ ಸಿಟ್ಟಿರುವುದು ಅದಕ್ಕೇ.

ಹಿಂದೊಮ್ಮೆ ಅವನ ಬಲಗಿವಿ ಕೈಕೊಟ್ಟಿತು. ಹಾರುವ ಹಾಗಿಲ್ಲ ಅಂದರು ಡಾಕ್ಟರು. ಕಂಪನಿಯವರು ಮನೆಗೆ ಕಳಿಸಲು ತಯಾರಾಗಿದ್ದರು. ಆಗ ಅಡ್ಡ ನಿಂತವರು ಅಲ್ಲಿನ ಪೈಲಟ್‌ಗಳ ಮುಖ್ಯಸ್ಥರು. ಎಲ್ಲರೂ ಅವರನ್ನು ‘ದೊಡ್ಡೋರು’ ಅನ್ನುತ್ತಾರೆ. “ಅವನನ್ನ ಕಳಿಸೋದಾದ್ರೆ ನನ್ನ ರಾಜೀನಾಮೆನೂ ಜೊತೆಗೇ ಇಟ್ಕೊಳ್ಳಿ” ಅಂದರಂತೆ. ಕಿವಿ ವಾಸಿಯಾಗುವ ತನಕ ಹೊಸಬರಿಗೆ ಪಾಠ ಹೇಳುವ ಕೆಲಸ ಕೊಡಿಸಿದರು. ನನ್ನ ತಮ್ಮ ಅದನ್ನು ಒಂದು ದಿನವೂ ಮರೆತವನಲ್ಲ.

ಆದರೆ ಕಂಪನಿ ಅವನನ್ನು ಹಾಕಿದ್ದು ಬೇರೆ ಊರಿಗೆ. ಅಲ್ಲಿಂದಲೇ ಹಾರಬೇಕು, ಅಲ್ಲೇ ಒಂದು ಕೋಣೆ ಮಾಡಿಕೊಂಡು ಇರಬೇಕು. ಹೆಂಡತಿ ಇಲ್ಲಿ ಶಾಲೆಯಲ್ಲಿ ಟೀಚರು, ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಅವನು ಬರುತ್ತಿದ್ದದ್ದು ತಿಂಗಳಿಗೆ ನಾಲ್ಕಾರು ದಿನ. ಬಾಗಿಲು ತೆಗೆದ ತಕ್ಷಣ ಮಗಳ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಒಂದೇ ಮಾತು: “ಯಾವಾಗ ಹೊರಡ್ತೀಯಾ ಅಪ್ಪಾ?” ಪಾಪ, ಹುಡುಗಿಯದೇನೂ ತಪ್ಪಿಲ್ಲ, ಎಷ್ಟು ದಿನ ಸಿಗುತ್ತಾನೆ ಅಂತ ತಿಳಿದುಕೊಳ್ಳಲು ಕೇಳುತ್ತಿದ್ದಳು. ಇವನು ಮಾತ್ರ ಬ್ಯಾಗು ಕೆಳಗಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದ.

ಅಷ್ಟರಲ್ಲಿ ನಮ್ಮೂರಿಗೆ ಇನ್ನೊಂದು ಕಂಪನಿ ಬಂತು. ಬೇರೆಯವರ ಪೈಲಟ್‌ಗಳನ್ನು ಒಬ್ಬೊಬ್ಬರನ್ನೇ ಎಳೆದುಕೊಳ್ಳತೊಡಗಿತು. ನನ್ನ ತಮ್ಮನಿಗೂ ಕರೆ ಬಂತು. ಇಲ್ಲಿಂದ ಹಾರು, ಇಲ್ಲಿಗೇ ಇಳಿ, ಮನೆಗೆ ಹೋಗಿ ಮಲಗು. ಆದರೆ ಈ ಕೆಲಸದಲ್ಲೊಂದು ಪದ್ಧತಿ ಇದೆ. ಎಷ್ಟೇ ದೊಡ್ಡ ಕ್ಯಾಪ್ಟನ್ ಆಗಿದ್ದರೂ ಹೊಸ ಕಂಪನಿಗೆ ಹೋದರೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ನಾಲ್ಕು ಪಟ್ಟಿ ಮೂರಾಗುತ್ತದೆ.

“ಪಟ್ಟಿ ಹೋದ್ರೆ ಹೋಗ್ಲಿ ಅಕ್ಕಾ” ಅಂದ. “ದೊಡ್ಡೋರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

“ಇರೋ ಮುಖಾನೇ ಇಟ್ಕೊಂಡು ಹೇಳು” ಅಂದೆ. “ಉಪ್ಪು ತಿಂದ ಮನೆಗೆ ಎರಡು ಬಗೀಬಾರದು, ಸರಿ. ಕಟ್ಕೊಂಡವಳು, ಹುಟ್ಟಿಸಿದ ಮಗಳು, ಇವರೇನು ದಾರಿಹೋಕರಾ?”

ಅವನ ಹೆಂಡತಿ ಹೆಚ್ಚು ಮಾತಿನವಳಲ್ಲ. ಪಾತ್ರೆ ತೊಳೆಯುತ್ತಾ ಬೆನ್ನು ತಿರುಗಿಸಿಯೇ ಹೇಳಿದಳು: “ಅತ್ತಿಗೆ, ನಾನು ಇವರನ್ನ ಏನೂ ಕೇಳಿಲ್ಲ. ಇದೊಂದು ಕೇಳ್ತಿದೀನಿ.”

ಕೊನೆಗೂ ಒಪ್ಪಿದ. ಶುಕ್ರವಾರ ಸಹಿ ಹಾಕಲು ಹೋದ. ಮಗಳು ಅಂದು ಅವನ ಕಪಾಟಿನಲ್ಲಿದ್ದ ತನ್ನ ಪುಸ್ತಕಗಳನ್ನೆಲ್ಲ ತೆಗೆದು, ಅಪ್ಪನ ಬಟ್ಟೆಗೆ ಜಾಗ ಮಾಡಿದ್ದಳು.

ಮಧ್ಯಾಹ್ನ ವಾಪಸು ಬಂದು, “ಬೇಡ ಅಂದ್ಬಿಟ್ಟೆ” ಅಂದ. ಅಷ್ಟೇ. ಹೆಂಡತಿ ಒಳಗೆ ಹೋದವಳು ಹೊರಗೆ ಬರಲಿಲ್ಲ. ಮಗಳು ಪುಸ್ತಕಗಳನ್ನು ಮತ್ತೆ ಜೋಡಿಸಿಟ್ಟಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸಿ ಬೈಸಿಕೊಂಡ.

ಸೋಮವಾರ ಅಂಗಡಿಗೆ ಯಾರು ಬರಬೇಕು? ದೊಡ್ಡೋರು! ಕಂಕುಳಲ್ಲಿ ಕೋಟು. ಮೇಜಿನ ಮೇಲೆ ಹರಡಿ, ಚೀಲದಿಂದ ಬೆಳ್ಳಿ ಬಣ್ಣದ ಪಟ್ಟಿ ತೆಗೆದಿಟ್ಟರು. ಹಳೆಯ ಕಂಪನಿಯದು ಚಿನ್ನದ ಬಣ್ಣ, ಹೊಸದರದು ಬೆಳ್ಳಿ. ಕೋಟು ಎರಡಕ್ಕೂ ಕಪ್ಪೇ.

“ಮೂರು ಹೊಲೀರಿ” ಅಂದರು. “ನಿಮ್ಮ ತಮ್ಮನಿಗೆ ಮಾತ್ರ ಹೇಳ್ಬೇಡಿ ಅಮ್ಮಾ, ನಾನೇ ಹೇಳ್ತೀನಿ. ನನ್ನಿಂದಲೇ ಅವನು ಉಳ್ಕೊಂಡ ಅಂತ ಕೇಳ್ದೆ. ಮನಸ್ಸಿಗೆ ತುಂಬಾ ಕಷ್ಟ ಆಗ್ತಿದೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಅಯ್ಯೋ ಪುಣ್ಯಾತ್ಮ, ಹಡಗು ಬಿಟ್ಟು ಮೊದಲು ಇಳಿಯುವವರು ನೀವೇನಾ ಅಂತ ಕೇಳಬೇಕೆನ್ನಿಸಿತು. ಒಬ್ಬರ ಕೋಟಿನ ಸುದ್ದಿ ಇನ್ನೊಬ್ಬರಿಗೆ ಹೇಳಬಾರದು ಎಂಬುದು ನನ್ನ ಅಂಗಡಿಯ ಕಟ್ಟಳೆ. ಗಂಡನ ಸೊಂಟದ ಅಳತೆಯನ್ನು ಹೆಂಡತಿ ಕೇಳಿದರೂ ಹೇಳುವವಳಲ್ಲ ನಾನು. ಅವತ್ತು ಆ ಕಟ್ಟಳೆ ಮುರಿದೆ. ಬಾಗಿಲೆಳೆದು ನೇರ ತಮ್ಮನ ಮನೆಗೆ ಹೋದೆ. ಅವನು ಕೆಲಸದ ಊರಿಗೆ ಹೊರಡಲು ಅಂಗಿ ಇಸ್ತ್ರಿ ಮಾಡುತ್ತಿದ್ದ.

“ನಿನ್ನ ದೇವರು ಗುಡಿ ಬದಲಾಯಿಸಿದ್ರು ಕಣೋ!” ಅಂದೆ.

ಅವನು ತಲೆ ಎತ್ತಲಿಲ್ಲ. “ಗೊತ್ತು ಅಕ್ಕಾ. ನಿಧಾನ ಮಾತಾಡು, ಒಳಗೆ ಅವಳಿದಾಳೆ.”

ಆಮೇಲೆ ಹೇಳಿದ. ಶುಕ್ರವಾರ ಆ ಕಂಪನಿಯ ಮೆಟ್ಟಿಲು ಹತ್ತಿದಾಗ, ಕಾಯುವವರ ಬೆಂಚಿನಲ್ಲಿ ದೊಡ್ಡೋರು ಕೂತಿದ್ದರಂತೆ. ಟೋಪಿಯನ್ನು ತೊಡೆಯ ಮೇಲೆ ಬೋರಲು ಹಾಕಿ ಕಂಪನಿಯ ಗುರುತು ಕಾಣದ ಹಾಗೆ ಕೈ ಅಡ್ಡ ಇಟ್ಟುಕೊಂಡು. ಇವನನ್ನು ನೋಡಲಿಲ್ಲ. ಒಳಗಿನ ಅಧಿಕಾರಿ ಹೇಳಿದನಂತೆ, ಈ ಊರಿಂದ ಹಾರಲು ಉಳಿದಿರುವುದು ಒಂದೇ ಜಾಗ, ನೀವು ಬೇಡ ಅಂದರೆ ಹೊರಗೆ ಕೂತವರಿಗೆ.

“ಅವರ ಹೆಂಡ್ತಿಗೆ ಎರಡು ಕಿಡ್ನಿನೂ ಹೋಗಿದೆ ಅಕ್ಕಾ. ದಿನ ಬಿಟ್ಟು ದಿನ ಇಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಇವರು ಅಲ್ಲಿ, ಆಯಮ್ಮ ಇಲ್ಲಿ ಒಬ್ಬರೇ.”

“ನಿಮಗೋಸ್ಕರ ಜಾಗ ಬಿಟ್ಟುಕೊಟ್ಟೆ ಅಂತ ಅವರಿಗೆ ಹೇಳು ಮತ್ತೆ!”

“ಹೇಳಿದ್ರೆ ತಗೊಳ್ತಾರಾ ಅವರು?”

ತಗೊಳ್ಳುವುದಿಲ್ಲ. ಅದು ನನಗೂ ಗೊತ್ತಿತ್ತು. “ಅವಳಿಗಾದ್ರೂ ಹೇಳು” ಅಂದೆ, ಒಳಗಿನ ಕೋಣೆಯ ಕಡೆ ತೋರಿಸಿ. “ಹೇಳ್ತೀನಿ” ಅಂದ. ಹೇಳಿದನಂತೆ. ಅವಳು “ಸರಿ” ಅಂದಳಂತೆ. ಆ ‘ಸರಿ’ ಎಷ್ಟು ಭಾರದ್ದು ಅಂತ ನನ್ನನ್ನು ಕೇಳಿ.

ನಾನು ಅಂಗಡಿಗೆ ಬಂದು ದೊಡ್ಡೋರ ಕೋಟಿನ ಚಿನ್ನದ ಪಟ್ಟಿ ಬಿಚ್ಚಿದೆ. ಎಷ್ಟೋ ಜನರಿಗೆ ನಾಲ್ಕನೆಯದನ್ನು ಹೊಲಿದಿದ್ದೇನೆ, ಬಿಚ್ಚಿದ್ದು ಅದೇ ಮೊದಲು. ಪಟ್ಟಿ ಹೋದರೂ ಅದರಡಿಯ ಬಟ್ಟೆ ಬಿಸಿಲು ಕಾಣದೆ ಕಡುಕಪ್ಪಾಗಿಯೇ ಇತ್ತು. ಮೂರನ್ನು ಮುಚ್ಚಿದೆ, ನಾಲ್ಕನೆಯದರ ಗುರುತು ಹಾಗೇ ಉಳಿಯಿತು. ಅವರು ಬಂದು ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. “ನಿಮ್ಮ ತಮ್ಮ ಒಂದು ಮಾತೂ ಅನ್ಲಿಲ್ಲ, ಹೋಗ್ಬನ್ನಿ ಸಾರ್ ಅಂದ. ಬಂಗಾರದಂಥ ಹುಡುಗ” ಅಂದರು. ನಾನು ಪಿನ್ನು ಕಚ್ಚಿಕೊಂಡಿದ್ದೆ, ಹಾಗಾಗಿ ಮಾತಾಡದಿರುವುದು ಸುಲಭವಾಯಿತು.

ಮೂರು ವರ್ಷ ಹೀಗೇ ಹೋಯಿತು. ದೊಡ್ಡೋರ ಹೆಂಡತಿ ಕೊನೆಯುಸಿರಿನ ತನಕ ಗಂಡನ ಕೈ ಹಿಡಿದುಕೊಂಡೇ ಇದ್ದರು. ಅದು ಸಣ್ಣ ಮಾತಲ್ಲ. ಆಮೇಲೆ ದೊಡ್ಡೋರಿಗೆ ನಿವೃತ್ತಿಯ ವಯಸ್ಸಾಯಿತು. ಹೋಗುವಾಗ ತಮ್ಮ ಜಾಗಕ್ಕೆ ಇವನನ್ನೇ ತೆಗೆದುಕೊಳ್ಳಿ ಅಂತ ಹೇಳಿ ಹೋದರು. ಅಂತೂ ನನ್ನ ತಮ್ಮ ಊರಿಗೆ ಬಂದ. ಅವನ ನಾಲ್ಕನೆಯ ಪಟ್ಟಿಯನ್ನೂ ನಾನೇ ಬಿಚ್ಚಿದೆ.

“ಕೈ ತಪ್ಪುತ್ತೆ ಅಕ್ಕಾ” ಅಂತ ನಗುತ್ತಿದ್ದ. “ಇಷ್ಟು ವರ್ಷ ಬಲಗೈಲಿ ಹಿಡಿದಿದ್ದ ಇಂಜಿನ್ ಹಿಡಿಕೇನ ಈಗ ಬಲಗಡೆ ಸೀಟಲ್ಲಿ ಕೂತು ಎಡಗೈಲಿ ಹಿಡೀಬೇಕು. ಮರೆತು ಬಲಗೈ ಚಾಚಿದ್ರೆ ಬರೀ ಕಿಟಕಿ ಸಿಗುತ್ತೆ.”

ದಿನಾ ಮನೆಗೆ ಬರುತ್ತಿದ್ದ, ಮನೆಯಲ್ಲೇ ಮಲಗುತ್ತಿದ್ದ. ಆದರೆ ಮಗಳು ಅಷ್ಟರಲ್ಲಿ ದೂರದ ಕಾಲೇಜು ಸೇರಿ ಹಾಸ್ಟೆಲಿನಲ್ಲಿದ್ದಳು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಪುಸ್ತಕದ ಕಪಾಟು ಪೂರ್ತಿ ಖಾಲಿ, ಅಪ್ಪನ ಬಟ್ಟೆಗೆ ಎಷ್ಟು ಬೇಕಾದರೂ ಜಾಗ.

ಮೊದಲ ರಜೆಗೆ ಅವಳು ಬಂದ ದಿನ ನಾನೂ ಅಲ್ಲಿದ್ದೆ. ಕರೆಗಂಟೆ ಸದ್ದಾಯಿತು. ಇವನು ಬೆಳಗಿನಿಂದ ಕಾಯುತ್ತಿದ್ದವನು ಎದ್ದುಬಿದ್ದು ಓಡಿ ಬಾಗಿಲು ತೆಗೆದ. ಮಗಳು ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದಳು, ಅಪ್ಪನಷ್ಟೇ ಎತ್ತರವಾಗಿದ್ದಳು. ಬಾ ಮಗಳೇ ಅನ್ನಬೇಕು ತಾನೇ? ಅವನ ಬಾಯಿಂದ ಬಂದದ್ದೇ ಬೇರೆ.

“ಯಾವಾಗ ಹೊರಡ್ತೀಯಾ ಮಗಳೇ?”

ಹುಡುಗಿ ಚೀಲ ಕೆಳಗಿಡದೆ ಹೊಸ್ತಿಲಲ್ಲೇ ನಿಂತುಬಿಟ್ಟಳು.