ಹೊನ್ನಪ್ಪನವರ ನಡಿಗೆ, ನನ್ನ ಮಂಡಿ

ಇದು ನಿಜವಾಗಿ ನಡೆಯಿತೇ, ಅಥವಾ ನಡೆದ ಚೂರುಪಾರಿಗೆ ನಾನೇ ಆಮೇಲೆ ಆಕಾರ ಕೊಟ್ಟೆನೇ ಎಂಬುದು ನನಗೆ ಇಂದಿಗೂ ಖಚಿತವಿಲ್ಲ. ಡಿಗ್ರಿ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ತಾಯತ, ದೃಷ್ಟಿ, ಶಕುನದ ಮಾತು ಬಂದರೆ ಮದುವೆಮನೆಯ ಪಂಕ್ತಿಯಲ್ಲೂ ವಾದಕ್ಕಿಳಿದು ನೆಂಟರ ಬಾಯಲ್ಲಿ ಕೆಟ್ಟವನಾದವನು. ಅಂಥವನು ಇದನ್ನು ಬರೆಯಲು ಕೂತದ್ದು ಒಂದು ಹೆದರಿಕೆಯಿಂದ. ಬರೆಯದೆ ಬಿಟ್ಟರೆ ಇನ್ನೆರಡು ವರ್ಷದಲ್ಲಿ ನನ್ನ ನೆನಪು ಇದನ್ನು ಮತ್ತಷ್ಟು ಚೆಂದದ ಕಥೆ ಮಾಡಿಬಿಡುತ್ತದೆ. ಆ ದಿನಗಳಲ್ಲಿ ನಾನು ನೋವಿನ ಮಾತ್ರೆಯನ್ನೂ ನರಕ್ಕೆಂದು ಕೊಟ್ಟ ಇನ್ನೊಂದು ಮಾತ್ರೆಯನ್ನೂ ನುಂಗುತ್ತಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಓದುವವರು ಅದನ್ನು ಲೆಕ್ಕಕ್ಕೆ ಹಿಡಿಯಲಿ.

ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನನ್ನ ಬಲಮಂಡಿ ಬದಲಾಯಿಸಿದರು. ಇಬ್ಬರಿಗೊಂದು ರೂಮು. ಪಕ್ಕದ ಮಂಚದಲ್ಲಿ ಕುಣಿಗಲ್ಲಿನ ಹೊನ್ನಪ್ಪ ಎಂಬವರಿದ್ದರು, ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ಅವರಿಗೂ ಬಲಮಂಡಿಯೇ, ಅದೇ ದಿನ, ಅದೇ ಡಾಕ್ಟರು. ಅವರದು ಮೊದಲು, ಅವರನ್ನು ಹೊರಗೆ ತಂದಮೇಲೆ ನನ್ನದು. ಮಾರನೆಯ ದಿನ ವಾಕರ್ ಕೊಟ್ಟು ನಿಲ್ಲಿಸಿದಾಗ ನಾನು ಮಂಚದ ಕಂಬಿ ಹಿಡಿದು ಹಲ್ಲು ಕಚ್ಚುತ್ತಿದ್ದರೆ, ಅವರು ಕಾರಿಡಾರಿನ ಕೊನೆಯವರೆಗೆ ಹೋಗಿ, ತಮಗೆ ತಾವೇ "ರೈಟ್, ರೈಟ್" ಹೇಳಿಕೊಂಡು ತಿರುಗಿ ಬಂದರು. ನರ್ಸುಗಳೆಲ್ಲ ನಕ್ಕರು. ನನಗೆ ಹೊಟ್ಟೆಯುರಿಯಾಯಿತು.

ಮನೆಗೆ ಹೋದಮೇಲೆ ದಿನಾ ಹನ್ನೊಂದು ಗಂಟೆಗೆ ಅವರ ಫೋನು ಬರುತ್ತಿತ್ತು.

"ಮೇಷ್ಟ್ರೇ, ಇವತ್ತು ಎಷ್ಟು ಬಗ್ಗುತು?"

"ತೊಂಬತ್ತು ಡಿಗ್ರಿ."

"ತೊಂಬತ್ತಾ? ನಂದು ಆಗ್ಲೇ ನೂರಾ ಹತ್ತು ದಾಟೈತೆ ಕಣ್ರೀ. ಎಲ್ಲರ್ಗೂ ಮಾರ್ಕ್ಸ್ ಹಾಕಿದೋರು ನೀವು, ಈಗ ನೀವೇ ಫೇಲ್ ಆದ್ರೆ ಹೆಂಗೆ?"

ಅವರಿಗೆ ಹತ್ತನೇ ದಿನದಿಂದಲೇ ನೋವಿಲ್ಲ. ನನಗೆ ನಾಲ್ಕು ತಿಂಗಳಾದರೂ ಹೋಗಲಿಲ್ಲ. ಎಕ್ಸ್‌ರೇ ಚೆನ್ನಾಗಿತ್ತು, ರಕ್ತದಲ್ಲಿ ಸೋಂಕಿನ ಗುರುತಿರಲಿಲ್ಲ. ಡಾಕ್ಟರು ಎರಡು ಸಲ ನೋಡಿ, "ಆರು ತಿಂಗಳು ತುಂಬಲಿ ಸಾರ್, ಆಗಲೂ ಹೀಗೇ ಇದ್ದರೆ ಮತ್ತೆ ತೆಗೆದು ನೋಡೋಣ" ಎಂದರು. ತೆಗೆದು ನೋಡುವುದೆಂದರೆ ಅದೇ ಗಾಯವನ್ನು ಮತ್ತೆ ಕುಯ್ಯುವುದು. ಮೊದಲ ಎರಡು ವಾರ ನಾನು ಪಟ್ಟದ್ದು ನೆನಪಾಗಿ ಆ ರಾತ್ರಿ ಊಟ ಸೇರಲಿಲ್ಲ. ಇನ್ನೊಮ್ಮೆ ಆ ಟೇಬಲ್ಲಿನ ಮೇಲೆ ಮಲಗುವುದಕ್ಕಿಂತ ಜೀವಮಾನವಿಡೀ ಕೋಲು ಹಿಡಿಯುತ್ತೇನೆ ಎಂದು ನನ್ನ ಹೆಂಡತಿ ವಿಮಲಳಿಗೆ ಹೇಳಿದೆ.

ವ್ಯಾಯಾಮ ಮಾಡಿಸಲು ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬರುತ್ತಿದ್ದ ಹುಡುಗಿ, ನೋವು ಯಾವಾಗ ಬರುತ್ತದೆ, ಹತ್ತಕ್ಕೆ ಎಷ್ಟು ಎಂದು ಬರೆದಿಡಲು ಹೇಳಿದಳು. ನನಗೆ ಇಷ್ಟವಾದ ಕೆಲಸ. ಒಂದು ಲ್ಯಾಬ್ ಪುಸ್ತಕ ತೆಗೆದು ಗೆರೆ ಎಳೆದೆ. ವಾರದಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ನಾನು ನಡೆದಾಗ ಕಾಲು ಬಿಗಿಯುತ್ತಿತ್ತು ಅಷ್ಟೆ, ನೋಯುತ್ತಿರಲಿಲ್ಲ. ನೋವು ಬರುತ್ತಿದ್ದದ್ದು ಸುಮ್ಮನೆ ಕೂತಿದ್ದಾಗ. ಬೆಳಗ್ಗೆ ಆರರಿಂದ ಏಳರವರೆಗೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರೆ ಮಂಡಿಯೊಳಗೆ ಒಂದು ನೋವು ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು. ತೂಕ ಬೀಳುವುದು, ಏಳುವುದು. ಒಂದೇ ಲಯ.

ಕುರ್ಚಿಯ ದೋಷವಿರಬಹುದು, ಮನೆಯ ಮಾರ್ಬಲ್ ನೆಲದ ಥಂಡಿಯಿರಬಹುದು ಎಂದು ನಾಲ್ಕು ದಿನ ಗುಬ್ಬಿಯಲ್ಲಿರುವ ವಿಮಲಳ ತಮ್ಮನ ಮನೆಗೆ ಹೋಗಿ ಇದ್ದೆ. ನೋವು ಅಲ್ಲಿಗೂ ಬಂತು, ಅದೇ ಹೊತ್ತಿಗೆ. ಮೂರನೆಯ ದಿನ ಸಂಜೆ ಭಾಮೈದನ ಜೊತೆ ಜಗಲಿಯಲ್ಲಿ ಕೂತು ಹರಟುತ್ತಿದ್ದಾಗ ಮಂಡಿಯ ಮೇಲೆ ಯಾರೋ ಕುದಿಯುವ ನೀರು ಸುರಿದಂತಾಯಿತು. ಕೂಗಿಕೊಂಡು ಪಂಚೆ ಎತ್ತಿ ನೋಡಿದೆ. ಗಾಯದ ಗೆರೆ ಬಿಟ್ಟರೆ ಏನೂ ಇಲ್ಲ, ಕೆಂಪು ಕೂಡ ಇಲ್ಲ. ಭಾಮೈದ ನನ್ನ ಮುಖವನ್ನೇ ನೋಡುತ್ತಿದ್ದ. ಪುಸ್ತಕದಲ್ಲಿ ಬರೆದೆ: ಆರು ನಲವತ್ತು, ಹತ್ತಕ್ಕೆ ಒಂಬತ್ತು.

ಮಾರನೆಯ ದಿನ ಹನ್ನೊಂದಕ್ಕೆ ಹೊನ್ನಪ್ಪನವರ ಫೋನು. "ನೆನ್ನೆ ಒಂದು ಕೆಲ್ಸ ಆಗೋಯ್ತು ಮೇಷ್ಟ್ರೇ. ಬಿಸಿನೀರಿನ ಬ್ಯಾಗು ಇಟ್ಕೊಂಡು ಟಿವಿ ನೋಡ್ತಾ ಇದ್ದೆ. ಅದು ಸೋರಿ ಮಂಡಿ ಮೇಲೆಲ್ಲ ಗುಳ್ಳೆ ಎದ್ದೈತೆ. ನಂಗೆ ಗೊತ್ತೇ ಆಗ್ಲಿಲ್ಲ. ನಮ್ಮ ಜಯಮ್ಮ ಬಂದು ನೋಡಿ ಹೌಹಾರಿದ್ಲು."

"ಎಷ್ಟೊತ್ತಿಗೆ?" ಎಂದೆ.

"ಅವಳು ದೀಪ ಹಚ್ಚಿ ಬಂದ ಹೊತ್ತು. ಯಾಕೆ?"

ಯಾಕೂ ಇಲ್ಲ ಎಂದೆ. ಈ ಆಪರೇಷನ್ ಆದವರಲ್ಲಿ ಗಾಯದ ಪಕ್ಕದ ಚರ್ಮ ಮರಗಟ್ಟುವುದು ಸಾಮಾನ್ಯ, ಅವರಿಗೆ ತಿಳಿಯದಿದ್ದದ್ದು ಅದಕ್ಕೆ. ನನ್ನದು ನರದ ನೋವು, ಉರಿ ಅದರ ಲಕ್ಷಣ. ಎರಡೂ ಒಂದೇ ಸಂಜೆ ಆದದ್ದು ಕಾಕತಾಳೀಯ. ಹೀಗೆ ಮನಸ್ಸಿಗೆ ಹೇಳಿಕೊಂಡೆ. ಆದರೂ ಸುಮ್ಮನಿರಲಾಗಲಿಲ್ಲ. ಹನ್ನೆರಡು ದಿನಗಳ ಕಾಲ, ಮೊದಲು ನನ್ನ ನೋವಿನ ವೇಳೆ ಬರೆದಿಟ್ಟು, ಆಮೇಲೆ ಫೋನಿನಲ್ಲಿ ಅವರು ಎಷ್ಟು ಹೊತ್ತಿಗೆ ಏನು ಮಾಡಿದರೆಂದು ಮಾತಿನ ನಡುವೆ ಕೇಳಿದೆ. ಕೆರೆ ಏರಿ ಮೇಲೆ ವಾಕಿಂಗ್, ಮಾರ್ಕೆಟ್ಟು, ಮೊಮ್ಮಗಳನ್ನು ಸ್ಕೂಲಿಗೆ ಬಿಡುವುದು. ಒಂಬತ್ತು ದಿನ ಹೊಂದಿತು. ಮೂರು ದಿನ ಹೊಂದಲಿಲ್ಲ. ಆ ಮೂರು ದಿನಗಳನ್ನು ನಾನು ಕೆಂಪು ಶಾಯಿಯಲ್ಲಿ ಗುರುತು ಮಾಡಿ ದಿನಕ್ಕೆ ಎರಡು ಸಲ ತೆಗೆದು ನೋಡುತ್ತಿದ್ದೆ.

ಆರು ತಿಂಗಳು ತುಂಬುತ್ತ ಬಂತು. ಶುಕ್ರವಾರ ಡಾಕ್ಟರನ್ನು ನೋಡಬೇಕು, ಅವತ್ತೇ ತೀರ್ಮಾನ. ಅದಕ್ಕೆ ಮುಂಚಿನ ವಾರ ಹೊನ್ನಪ್ಪ ಹೇಳಿದರು, "ಭಾನುವಾರ ಯಡಿಯೂರಿಗೆ ನಡ್ಕೊಂಡು ಹೋಯ್ತೀನಿ. ಕಾಲು ಸರಿಹೋದ್ರೆ ಮನೆಯಿಂದ ನಡದೇ ಬರ್ತೀನಿ ಅಂತ ಸ್ವಾಮಿಗೆ ಹರಕೆ ಹೊತ್ತಿದ್ದೆ." ಕುಣಿಗಲ್ಲಿನಿಂದ ಯಡಿಯೂರಿಗೆ ಇಪ್ಪತ್ತು ಕಿಲೋಮೀಟರ್ ಹತ್ತಿರ ಆಗುತ್ತದೆ.

"ಡಾಕ್ಟ್ರನ್ನ ಕೇಳಿದ್ರಾ?"

"ಅವ್ರನ್ನ ಯಾಕೆ ಕೇಳಾನ? ಹರಕೆ ಹೊತ್ತೋನು ನಾನು."

ಬೇಡ ಎನ್ನಲು ಬಾಯಿ ತೆರೆದೆ. ಏನು ಕಾರಣ ಕೊಡಲಿ? ಎಷ್ಟು ಹೊತ್ತಿಗೆ ಹೊರಡುತ್ತೀರಿ ಎಂದು ಮಾತ್ರ ಬೇಕೆಂತಲೇ ಕೇಳಲಿಲ್ಲ. ಭಾನುವಾರ ಫೋನ್ ಮಾಡಬೇಡಿ ಎಂದೆ.

ಆ ಭಾನುವಾರ ಪುಸ್ತಕ ವಿಮಲಳ ಕೈಗೆ ಕೊಟ್ಟೆ. ನನ್ನ ಕಣ್ಣಿಗೆ ಬೀಳದಂತೆ ಗಡಿಯಾರ, ಫೋನು ಎರಡನ್ನೂ ಅವಳೇ ಇಟ್ಟುಕೊಂಡಳು. ನಾನು ಹೇಳಿದಾಗ ವೇಳೆ ಬರೆಯುವುದಷ್ಟೇ ಅವಳ ಕೆಲಸ. "ನಿಮ್ಮ ನೋವಿಗೆ ನಾನು ಗುಮಾಸ್ತೆನೇನ್ರೀ?" ಎಂದಳು. ಆದರೂ ಅವರೆಕಾಯಿಯ ಮೊರ ಇಟ್ಟುಕೊಂಡು ಮಂಚದ ಪಕ್ಕ ಕೂತಳು.

ಇನ್ನೂ ಕತ್ತಲಿರುವಾಗಲೇ ಶುರುವಾಯಿತು. ಮೊದಲು ಹಗುರವಾಗಿ, ಆಮೇಲೆ ಒಂದೇ ಸಮ. ನಾನು ಅಂಗಾತ ಮಲಗಿದ್ದೆ, ಕಾಲು ದಿಂಬಿನ ಮೇಲಿತ್ತು, ಅಲುಗಾಡುತ್ತಿರಲಿಲ್ಲ. ಆ ಕಾಲಿನಲ್ಲಿ ಯಾರೋ ನಡೆಯುತ್ತಿದ್ದರು. ಇದಕ್ಕಿಂತ ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ನಡುವೆ ಎರಡು ಸಲ ನಿಂತು ಮತ್ತೆ ಹಿಡಿಯಿತು. ಬಿಸಿಲೇರಿದಮೇಲೆ ಹೆಜ್ಜೆ ತಪ್ಪತೊಡಗಿತು. ಒಂದು ಗಟ್ಟಿ, ಒಂದು ಎಳೆತ. ನಾನು ಹೊದಿಕೆಯ ಅಂಚು ಕಚ್ಚುತ್ತಿದ್ದೆ. ವಿಮಲ ಮೊರ ಪಕ್ಕಕ್ಕಿಟ್ಟು ಡಾಕ್ಟರಿಗೆ ಫೋನ್ ಮಾಡುತ್ತೇನೆಂದು ಎದ್ದಳು. ಆಗ ನಿಂತುಹೋಯಿತು.

ಕಡಿಮೆಯಾದದ್ದಲ್ಲ, ನಿಂತದ್ದು. ಆಪರೇಷನ್ ಆದಾಗಿನಿಂದ ಮೊದಲ ಬಾರಿಗೆ ನನ್ನ ಮಂಡಿಯಲ್ಲಿ ಏನೂ ಇರಲಿಲ್ಲ. ಆ ಸುಖಕ್ಕೆ ಕಣ್ಣು ತುಂಬಿತು. ಬೆನ್ನಿಗೇ ಹೊನ್ನಪ್ಪನವರಿಗೆ ಏನಾಯಿತು ಎಂಬ ಯೋಚನೆ ಬಂತು, ಹೆದ್ದಾರಿಯ ಪಕ್ಕ ಬಿದ್ದಿರಬಹುದೇ ಎಂದು. "ಫೋನ್ ಮಾಡ್ಲಾ?" ಎಂದಳು ವಿಮಲ. ನಾನು ಬೇಡ ಎಂದೆ. ಪ್ರಯೋಗ ಕೆಡುತ್ತದೆ ಎಂದು ಅವಳಿಗೆ ಹೇಳಿದೆ. ನಿಜವೇನೆಂದರೆ, ಆ ನೆಮ್ಮದಿ ಇನ್ನೂ ಸ್ವಲ್ಪ ಹೊತ್ತು ಇರಲಿ ಎನ್ನಿಸಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅರ್ಧ ಗಂಟೆ ಕಳೆದಿರಬೇಕು, ಹೆಜ್ಜೆ ಮತ್ತೆ ಬಂತು, ಈ ಸಲ ಚುರುಕಾಗಿ. ಸ್ವಲ್ಪ ಹೊತ್ತು ನಡೆದು ನಿಂತಿತು. ಅವತ್ತು ಆಮೇಲೆ ಬರಲಿಲ್ಲ.

ಸೋಮವಾರದ ಫೋನಿನಲ್ಲಿ ಹೊನ್ನಪ್ಪ ಖುಷಿಯಾಗಿದ್ದರು. "ಪೂರಾ ನಡದ್ಬುಟ್ಟೆ ಮೇಷ್ಟ್ರೇ. ಮಧ್ಯದಲ್ಲಿ ಒಂದೇ ಒಂದ್ಸಲ ಟೀಗೆ ಕೂತಿದ್ದು."

ಪೂರಾ ನಡೆದಿದ್ದರೆ ನನ್ನ ಮಂಡಿ ನಡುವೆ ಅರ್ಧ ಗಂಟೆ ಸುಮ್ಮನಿದ್ದದ್ದಕ್ಕೆ ಅರ್ಥವಿಲ್ಲ. ಅಂದರೆ ಅವರ ನಡಿಗೆ ನನ್ನ ಮಂಡಿಯಲ್ಲಿ ನೋಯುತ್ತದೆ ಎಂಬುದು ನನ್ನ ಭ್ರಮೆ, ನನ್ನ ಲೋಕ ಇದ್ದಂತೆಯೇ ಇದೆ. ಸಂತೋಷಪಡಬೇಕಿತ್ತು. ಆದರೆ ಭ್ರಮೆಯಾದರೆ ಮಂಡಿಯಲ್ಲಿ ನಿಜವಾಗಿಯೇ ಏನೋ ಕೆಟ್ಟಿದೆ, ಶುಕ್ರವಾರ ಕತ್ತಿಗೆ ಒಪ್ಪಲೇಬೇಕು. ಬಾಯಿ ತಪ್ಪಿ ಕೇಳಿಬಿಟ್ಟೆ, "ಎಲ್ಲೂ ಬಸ್ ಹತ್ತಲಿಲ್ವಾ?"

ಅವರು ತಗ್ಗಿದ ದನಿಯಲ್ಲಿ, "ಯಾರು ನೋಡಿದ್ರು?" ಎಂದರು.

"ಯಾರೂ ನೋಡ್ಲಿಲ್ಲ."

ಫೋನ್ ಇಟ್ಟರು. ಮಂಗಳವಾರ ಹನ್ನೊಂದಕ್ಕೆ ಫೋನು ಬರಲಿಲ್ಲ.

ಬುಧವಾರ ವಿಮಲಳೇ ಕಾರು ಓಡಿಸಿಕೊಂಡು ನನ್ನನ್ನು ಕುಣಿಗಲ್ಲಿಗೆ ಕರೆದುಕೊಂಡು ಹೋದಳು. ಜಯಮ್ಮ ಕಾಫಿ, ಪ್ರಸಾದ ಕೊಟ್ಟು ಗಂಡನ ನಡಿಗೆಯನ್ನು ಹೇಳಿದ್ದೇ ಹೇಳಿದ್ದು. ತಾನೂ ಮಗಳೂ ಆಟೋದಲ್ಲಿ ಮುಂದೆ ಹೋಗಿ ಯಡಿಯೂರಿನಲ್ಲಿ ಕಾಯುತ್ತಿದ್ದರಂತೆ. "ದೂರದಿಂದ ಟವಲ್ ತಲೆಗೆ ಸುತ್ಕೊಂಡು ಬರೋದು ಕಂಡು ನನ್ನ ಕಣ್ಣಲ್ಲಿ ನೀರು ಬಂತಕ್ಕಾ" ಎಂದು ವಿಮಲಳಿಗೆ ಹೇಳುತ್ತಿದ್ದಂತೆ, ಹೊನ್ನಪ್ಪ ನನ್ನ ಮೊಳಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು.

ನಾನು ಎಲ್ಲವನ್ನೂ ಹೇಳಿ ಪುಸ್ತಕ ಕೊಟ್ಟೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಕನ್ನಡಕ ಹಾಕಿಕೊಂಡು, ಟ್ರಿಪ್ಪಿನ ಲೆಕ್ಕ ಓದುವವರಂತೆ ವಿಮಲ ಬರೆದ ಭಾನುವಾರದ ಸಾಲುಗಳ ಮೇಲೆ ಬೆರಳಾಡಿಸಿದರು.

"ಐದೂ ಇಪ್ಪತ್ತು. ಹೂಂ, ಮನೆ ಬಿಟ್ಟೆ. ಏಳಕ್ಕೆ ನಿಂತಿದ್ದು ಟೀ. ಎಂಟೂವರೆಗೆ..." ಬಾಗಿಲ ಕಡೆ ತಿರುಗಿ ನೋಡಿದರು. "ಬೀಡಿ. ಅವಳಿಗೆ ಹೇಳ್ಬೇಡಿ, ಬಿಟ್ಟಿದೀನಿ ಅಂದ್ಕೊಂಡವ್ಳೆ. ಒಂಬತ್ತು ಐವತ್ತು..." ಬೆರಳು ಅಲ್ಲಿ ನಿಂತಿತು. "ಕಾಲು ಎಳೆಯಕ್ಕೆ ಶುರು ಆಗಿತ್ತು ಮೇಷ್ಟ್ರೇ. ನೋವಲ್ಲ, ನೋವೇ ಇಲ್ಲ ನಂಗೆ. ಎತ್ತಿಟ್ರೆ ಎತ್ತಿಟ್ಟ ಕಡೆ ಬೀಳ್ತಿರ್ಲಿಲ್ಲ. ಬಸ್ ಹತ್ತಿದೆ."

ಮುಂದಿನ ಸಾಲಿನ ಮೇಲೆ ಬೆರಳಿಟ್ಟವರು ಓದಲಿಲ್ಲ. ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ನಾನೂ ಕೇಳಲಿಲ್ಲ.

ತಮ್ಮ ಮಂಡಿಯ ಮೇಲೆ ಕೈಯಿಟ್ಟು, "ಇದು ನಂದು ಅಂತ ಅನ್ಸೇ ಇಲ್ಲ ಆಪ್ರೇಷನ್ ಆದಾಗ್ಲಿಂದ" ಎಂದರು. ಮತ್ತೆ, "ಹಂಗಾರೆ ನಾನು ನಡೆಯೋದು ನಿಲ್ಲಿಸ್ಬುಡ್ಲಾ? ನೀವು ಹೂಂ ಅನ್ನಿ, ಕೂತ್ಕೊಬುಡ್ತೀನಿ."

ಹೂಂ ಎನ್ನಬೇಕೆಂದು ಬಹಳ ಆಸೆಯಾಯಿತು. "ನಡೀರಿ ಹೊನ್ನಪ್ಪ" ಎಂದೆ. "ನಿಮಗೂ ನನಗೂ ಏನೂ ಸಂಬಂಧ ಇಲ್ಲ." ಅವರು ನನ್ನ ಮುಖ ನೋಡಿದ ರೀತಿಯಿಂದ, ನಾನು ಹೇಳಿದ್ದನ್ನು ಇಬ್ಬರೂ ನಂಬಲಿಲ್ಲವೆಂದು ಗೊತ್ತಾಯಿತು.

ಶುಕ್ರವಾರ ಡಾಕ್ಟರ ಮುಂದೆ ಕೂತು, ಆಪರೇಷನ್ ಬೇಡ, ಕಾಯುತ್ತೇನೆ ಎಂದೆ. ಯಾಕೆ ಸಾರ್, ಕಡಿಮೆಯಾಗಿದೆಯಾ ಎಂದರು. ಇಲ್ಲ ಎಂದೆ. ಅವರು ಕಾಗದದಲ್ಲಿ ಏನೋ ಬರೆದುಕೊಂಡರು. ಮತ್ತೆ ಮೂರು ತಿಂಗಳು ನೋವು ತಿಂದೆ. ಆಮೇಲೆ ದಿನದಿನಕ್ಕೆ ತೆಳುವಾಗಿ, ಒಂದು ವಾರ ಬರೆಯಲು ಏನೂ ಇಲ್ಲದೆ ಪುಸ್ತಕದ ಹಾಳೆ ಖಾಲಿ ಉಳಿಯಿತು. ಅದೇ ವಾರ ಹೊನ್ನಪ್ಪ ಫೋನಿನಲ್ಲಿ, "ಈಗೀಗ ಸ್ವಲ್ಪ ನೋಯ್ತದೆ ಮೇಷ್ಟ್ರೇ" ಎಂದರು. ದೂರಿನ ದನಿಯಲ್ಲ. ಕಳೆದದ್ದು ಸಿಕ್ಕಿತು ಎನ್ನುವವರ ದನಿ.

ನರಗಳು ಚೇತರಿಸಿಕೊಳ್ಳಲು ವರ್ಷ ಹಿಡಿಯಬಹುದು. ಅವರದು ಎಚ್ಚರವಾಯಿತು, ನನ್ನದು ಶಾಂತವಾಯಿತು. ಹೀಗೆ ಒಂದೊಂದಕ್ಕೂ ನಾನು ಕಾರಣ ಕೊಡಬಲ್ಲೆ, ಆ ಕಾರಣಗಳು ಸರಿಯಾಗಿಯೂ ಇರಬಹುದು. ಹೊನ್ನಪ್ಪನವರು ಪುಸ್ತಕ ನೋಡಿಕೊಂಡು, ಅದಕ್ಕೆ ಹೊಂದುವಂತೆ ತಮ್ಮ ದಿನವನ್ನು ನೆನಪಿಸಿಕೊಂಡರು ಎಂದೂ ವಾದಿಸಬಲ್ಲೆ. ಅವರು ಓದದೆ ಬಿಟ್ಟ ಸಾಲೊಂದೇ ಆ ವಾದಕ್ಕೆ ಸಿಗುವುದಿಲ್ಲ. ವಿಮಲಳ ಅಕ್ಷರದಲ್ಲಿ ಆ ಸಾಲು ಹೀಗಿದೆ: ಹತ್ತು ಇಪ್ಪತ್ತೈದರಿಂದ ಹತ್ತು ನಲವತ್ತೈದು, ಮತ್ತೆ ನೋವು.

ಡಾಕ್ಟರ ಬಳಿ ಹೋಗುವ ಹಿಂದಿನ ದಿನ ಅವರಿಗೆ ಫೋನ್ ಮಾಡಿ, ಆ ಬಸ್ಸಿನ ಟಿಕೆಟ್ಟು ಇದೆಯೇ ಎಂದು ಕೇಳಿದ್ದೆ. ನಡೆದು ಹೋಗುವವನಿಗೆ ಯಾಕೆ ಎಂದು ನಿವೃತ್ತ ನೌಕರರ ಬಸ್ ಪಾಸನ್ನು ಮನೆಯಲ್ಲೇ ಬಿಟ್ಟಿದ್ದರಂತೆ, ಟಿಕೆಟ್ಟು ಕೊಂಡಿದ್ದರು. ಅಂಗಿಯ ಜೇಬಿನಲ್ಲೇ ಇತ್ತು. ಫೋಟೋ ತೆಗೆದು ಕಳಿಸಿದರು. ಟಿಕೆಟ್ಟಿನಲ್ಲಿದ್ದದ್ದನ್ನು ಪುಸ್ತಕಕ್ಕೆ ಇಳಿಸಿಕೊಂಡಿದ್ದೇನೆ. ತಾರೀಖು ಆ ಭಾನುವಾರದ್ದು. ಟಿಕೆಟ್ಟು ಕೊಟ್ಟ ವೇಳೆ ಹತ್ತು ಗಂಟೆ ನಾಲ್ಕು ನಿಮಿಷ. ಇಳಿಯುವ ಜಾಗ ಯಡಿಯೂರಲ್ಲ, ಅದಕ್ಕೆ ಒಂದು ಸ್ಟಾಪು ಹಿಂದಿನದು, ಅಲ್ಲಿಂದ ಇಪ್ಪತ್ತು ನಿಮಿಷದ ನಡಿಗೆ.