ಅಮ್ಮನ ಮೂರನೇ ಕೂಗು

ದೆವ್ವ, ಭೂತ, ಸತ್ತೋರು ಬಂದು ಮಾತಾಡಿಸೋದು, ಇವೆಲ್ಲ ನನಗೆ ಹರಟೆಗೆ ಸಿಗೋ ಸರಕಾಗಿತ್ತು ಅಷ್ಟೆ. ಶಿವಾಜಿನಗರದಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಕೊಂಡಿರೋನು ನಾನು. ಎಲ್ಲಿ ಸದ್ದು ಬಂದ್ರೂ ಅಲ್ಲೊಂದು ಸಡಿಲ ನಟ್ಟು ಇದ್ದೇ ಇರುತ್ತೆ, ಹುಡುಕೋ ತಾಳ್ಮೆ ಬೇಕು ಅನ್ನೋದು ನನ್ನ ಸಿದ್ಧಾಂತ. ಯಾರಾದ್ರೂ ಅಂಥ ಕಥೆ ಶುರು ಮಾಡಿದ್ರೆ 'ಒಂದು ಟೀ ಕುಡೀರಿ, ಸರಿ ಹೋಗುತ್ತೆ' ಅಂತಿದ್ದೆ. ಈಗ ನನ್ನದೇ ಒಂದು ಹೇಳ್ತಿದೀನಿ. ನಗ್ಬೇಕು ಅನ್ಸಿದ್ರೆ ನಗಿ, ಬೇಜಾರಿಲ್ಲ.

ನಮ್ಮದು ಹಲಸೂರು. ನಾನು, ನನ್ನ ಅಕ್ಕ ರತ್ನ, ಇಬ್ರೂ ಕೆರೆ ಪಕ್ಕದ ಬೀದಿಯ ಮನೇಲಿ ಬೆಳೆದೋರು. ಅದೇ ಮನೇಲಿ ಈಗ್ಲೂ ನಾನಿದೀನಿ. ನಮ್ಮಮ್ಮನದೊಂದು ಕಟ್ಟಳೆ ಇತ್ತು. ಹಿಂದಿನಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರೆ ಮೊದಲನೇ ಸಲಕ್ಕೆ ಓ ಅನ್ಬಾರ್ದು, ತಿರುಗಿ ನೋಡ್ಬಾರ್ದು. ಎರಡನೇದಕ್ಕೂ ಬೇಡ. 'ನಮ್ಮೋರಾದ್ರೆ ಮೂರನೇ ಸಲ ಕರೀತಾರೆ ಕಣ್ರೋ. ಬೇರೇದಾದ್ರೆ ಎರಡಕ್ಕೇ ನಿಲ್ಲುತ್ತೆ' ಅನ್ನೋಳು. ನೀರಿನ ಹತ್ತಿರ ಇದ್ರಂತೂ ಈ ಮಾತು ಮೀರೋ ಹಾಗೇ ಇರ್ಲಿಲ್ಲ. ಊಟಕ್ಕೆ ಕರೆದ್ರೂ ಮೂರು ಸಲ ಕರೆಯೋಳು. 'ರತ್ನೀ...' ಅಂತ ಕೊನೇಲಿ ಎಳೆದು, ಸ್ವಲ್ಪ ಮೇಲಕ್ಕೆತ್ತಿ. ಆ ಥರ ಅಕ್ಕನ್ನ ಬೇರೆ ಯಾರೂ ಕರೀತಿರ್ಲಿಲ್ಲ. ನಾನು ಈ ಶಾಸ್ತ್ರಾನ ಗೇಲಿ ಮಾಡ್ಕೊಂಡೇ ದೊಡ್ಡೋನಾದೆ. ಅಕ್ಕ ಮಾತ್ರ ಬಿಡ್ಲಿಲ್ಲ. ಅಮ್ಮ ತೀರ್ಕೊಂಡು ಎಷ್ಟೋ ವರ್ಷ ಆದ್ಮೇಲೂ, ಕಮರ್ಷಿಯಲ್ ಸ್ಟ್ರೀಟಲ್ಲಿ ಯಾರಾದ್ರೂ 'ರತ್ನಮ್ಮಾ' ಅಂದ್ರೆ ಕಂಬದ ಹಾಗೆ ನಿಂತು ಮೂರನೇದಕ್ಕೆ ಕಾಯೋಳು.

ಸಿಡ್ನಿ ಊರೊಳಗೇ ಒಂದು ಬೀಚಿದೆ. ಜಗತ್ತಿಗೆಲ್ಲ ಗೊತ್ತಿರೋದೇ, ಹೆಸರು ಬರೆಯೋಕೆ ನನಗೆ ಮನಸ್ಸಿಲ್ಲ. ಅಕ್ಕ ಫೋನಲ್ಲಿ ಅದರ ವಿಡಿಯೊ ನೋಡಿ ನೋಡಿ ಮರುಳಾಗಿದ್ಲು. ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡೋ ಹುಡುಗ್ರು, ಬೆಣ್ಣೆ ಬಣ್ಣದ ಮರಳು, ಐಸ್‌ಕ್ರೀಮ್ ತಿನ್ಕೊಂಡು ಆರಾಮಾಗಿ ಕೂತ ಮುದುಕೀರು. 'ನಮ್ಮ ಶಿವಾಜಿನಗರದಲ್ಲಿ ಹತ್ತೋ ಹಾಗೆ ಬಸ್ ಹತ್ತಿದ್ರೆ ಸಮುದ್ರದ ಮುಂದೇನೇ ಇಳಿಸ್ತಾನಂತೆ ಕಣೋ. ಟಿಕೆಟ್ಟಿಲ್ಲ, ಗೇಟಿಲ್ಲ, ಸೀದಾ ನೀರಿಗೆ! ನಮ್ಮ ಕೆರೆ ಇದೆ, ಹುಟ್ಟಿದಾಗಿಂದ ಬೇಲಿ ಈಚೆಯಿಂದ ನೋಡಿದ್ದೇ ಬಂತು' ಅನ್ನೋಳು. ಪಾಪ, ಅವಳ ಆಸೆ ಇದ್ದಿದ್ದೇ ಅಷ್ಟು. ಭಾವ ತಮ್ಮ ಬಟ್ಟೆ ಅಂಗಡೀನ ಮಗನಿಗೆ ಬಿಟ್ಟುಕೊಟ್ಟ ವರ್ಷ ಇಬ್ರೂ ಒಂದು ಟೂರ್ ಗುಂಪಿನ ಜೊತೆ ಹೊರಟ್ರು.

ಅವತ್ತು ಭಾನುವಾರ. ನಾನು ಮಧ್ಯಾಹ್ನದ ಊಟ ಮಾಡ್ತಿದ್ದಾಗ ಅಕ್ಕನ ವಿಡಿಯೊ ಕಾಲ್ ಬಂತು. 'ಲೋ, ನೋಡೋ!' ಅಂತ ಫೋನ್ ತಿರುಗಿಸಿದ್ಲು. ಅಲ್ಲಿ ಸಂಜೆ, ಇನ್ನೂ ಚೆನ್ನಾಗಿ ಬೆಳಕಿತ್ತು. ಕೆಂಪು ಹಳದಿ ಬಾವುಟಗಳ ಮಧ್ಯೆ ಜನಾನೋ ಜನ.

'ಆ ಬಾವುಟದ ಮಧ್ಯಾನೇ ಇಳೀಬೇಕಂತೆ. ಅಷ್ಟು ಜನ ತುಂಡು ಬಟ್ಟೇಲಿ ಇರೋವಾಗ ನಾನು ಸೀರೆ ಎತ್ತಿ ಕಟ್ಕೊಂಡು ಎಲ್ಲಿ ಹೋಗ್ಲಿ, ನಾಚಿಕೆ ಆಗುತ್ತಪ್ಪ! ಅಗೋ, ಆ ಕಡೆ ಅಲೇನೇ ಇಲ್ಲ, ನಮ್ಮ ಕೆರೆ ಥರ ತಣ್ಣಗಿದೆ. ಅಲ್ಲೇ ಕಾಲು ಅದ್ದಿ, ಗಂಗಮ್ಮನಿಗೆ ಒಂಚೂರು ಅರಿಶಿನ ಕುಂಕುಮ ಬಿಟ್ಟು ಬರ್ತೀನಿ.'

ನಾನೂ ನೋಡ್ದೆ. ನಿಜವಾಗ್ಲೂ ಅಲೆ ಇರ್ಲಿಲ್ಲ. 'ಹುಷಾರು ಕಣಕ್ಕ' ಅಂದೆ. ಕೆರೆ ಪಕ್ಕ ಬೆಳೆದೋರಿಗೆ ಅಲೆ ಕಂಡ್ರೆ ಭಯ, ನಿಂತ ನೀರು ಕಂಡ್ರೆ ಧೈರ್ಯ. ಸಮುದ್ರದಲ್ಲಿ ಇದು ತಿರುಗುಮುರುಗು, ಅಲೆ ಒಡೆಯದ ಜಾಗದಲ್ಲೇ ನೀರು ಒಳಕ್ಕೆ ಸೆಳೆಯುತ್ತೆ ಅಂತ ನಮಗೆ ಗೊತ್ತಾಗಿದ್ದು ಆಮೇಲೆ.

ಊಟ ಮುಗಿಸಿ ಹಿತ್ತಲ ನಲ್ಲೀಲಿ ಕೈ ತೊಳೀತಿದ್ದೆ. ಆಗ ಕೇಳಿಸ್ತು.

'ರತ್ನೀ...'

ಒಂದೇ ಸಲ. ನನ್ನ ಬೆನ್ನ ಹಿಂದೆ, ಅಮ್ಮ ಬಟ್ಟೆ ಒಗೀತಿದ್ದ ಕಲ್ಲಿನ ಹತ್ತಿರದಿಂದ. ಅದೇ ಎಳೆತ. ಆದ್ರೆ ಊಟಕ್ಕೆ ಕರೆಯೋ ದನಿ ಅಲ್ಲ, ಗಾಬರಿ ಬಿದ್ದ ದನಿ. ತಿರುಗಿ ನೋಡ್ದೆ. ಒಣಗಿದ ಕಲ್ಲು, ಬಿಸಿಲು, ಇನ್ನೇನಿಲ್ಲ. ಹೊಟ್ಟೆ ತುಂಬಿ ಕಿವಿ ಗುಂಯ್ ಅಂತಿರ್ಬೇಕು ಅಂದ್ಕೊಂಡು ನಲ್ಲಿ ನಿಲ್ಲಿಸಿದೆ. ಅಷ್ಟರಲ್ಲಿ ಒಳಗಿಂದ ನನ್ನ ಹೆಂಡತಿ ಮಂಜುಳ ಕೇಳಿದ್ಲು:

'ರೀ, ಯಾರ್ರೀ ಅದು, ಅತ್ತೆ ಥರಾನೇ ರತ್ನಕ್ಕನ್ನ ಕರೆದಿದ್ದು?'

ಪಕ್ಕದ ಮನೆಯೋರು ಇರ್ಬೇಕು ಬಿಡು ಅಂದೆ. ಅವರು ತಮಿಳರು, ಅವರ ಮನೇಲಿ ರತ್ನ ಅನ್ನೋರು ಯಾರೂ ಇಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಭಾವನ ಫೋನು ಬಂತು. ಗುಂಪಿನವರೊಬ್ಬರು ಅವರ ಕೈಯಿಂದ ಫೋನ್ ಇಸ್ಕೊಂಡು ಹೇಳಿದ್ರು. ಹಲಗೆ ಹುಡುಗ್ರು ಅಕ್ಕನ್ನ ದಡಕ್ಕೆ ಎಳ್ಕೊಂಡು ಬಂದಿದ್ರಂತೆ. ಅಷ್ಟೊತ್ತಿಗೆ ಎಲ್ಲ ಮುಗಿದುಹೋಗಿತ್ತು. ನನ್ನ ಅಕ್ಕ ಕಣ್ರೀ ಅವಳು, ಎತ್ತಿ ಆಡಿಸಿದೋಳು.

ಕಾರ್ಯ ಎಲ್ಲ ಆದ್ಮೇಲೆ ಒಂದು ಸಂಜೆ ಭಾವ ನಮ್ಮ ಹಿತ್ತಲಿಗೆ ಬಂದು ಅದೇ ಕಲ್ಲಿನ ಮೇಲೆ ಕೂತ್ರು. ಯಾರೂ ಕೇಳದೇನೇ ಹೇಳೋಕೆ ಶುರು ಮಾಡಿದ್ರು.

'ನಾನು ಮರಳಲ್ಲಿ ಅವಳ ಚಪ್ಪಲಿ ಕಾಯ್ತಾ ಕೂತಿದ್ದೆ ಕಣಯ್ಯ. ಮೊಣಕಾಲುದ್ದ ನೀರಲ್ಲಿ ನಿಂತಿದ್ಲು. ಮುಖ ತಿರುಗಿಸದೇನೇ, ರೀ ನೀವು ಕರೆದ್ರಾ ಅಂದ್ಲು. ಇಲ್ವಲ್ಲ ಅಂದೆ. ಅಮ್ಮನ ದನಿ ಥರ ಇದೆ ಕಣ್ರೀ, ಎರಡು ಸಲ ಆಯ್ತು, ಇನ್ನೊಂದು ಸಲ ಕರೀಲಿ, ಬರ್ತೀನಿ ಅಂತ ನಕ್ಳು. ಹಾಗೇ ಕಾಯ್ತಾ ನಿಂತ್ಲು. ಕಾಲ ಕೆಳಗಿನ ಮರಳು ಜಾರ್ತು.'

ಮಂಜುಳ ಬಾಗಿಲಲ್ಲಿ ಕಾಫಿ ಹಿಡ್ಕೊಂಡು ನಿಂತಿದ್ಲು. ನನ್ನ ಮುಖ ನೋಡಿದ್ಲು. ನಾವು ಕೇಳಿಸ್ಕೊಂಡಿದ್ದನ್ನ ಹೇಳೋದು ಬೇಡ ಅಂತ ತಲೆ ಆಡಿಸ್ದೆ.

ಈ ಸದ್ದಿಗೆ ನಟ್ಟು ಹುಡುಕಿ ಹುಡುಕಿ ಸೋತಿದೀನಿ. ಅಲ್ಲಿ ಎರಡು ಸಲ ಕರೆದೋಳು ಮೂರನೇದನ್ನ ಇಲ್ಲಿ ಬಂದು ಯಾಕೆ ಕರೆದ್ಲು? ಮಗಳು ಇನ್ನೂ ಈ ಮನೇಲೇ ಇದಾಳೆ ಅಂದ್ಕೊಂಡ್ಲಾ? ಇಲ್ಲಾ, ಅಲ್ಲಿ ಎರಡಕ್ಕೇ ನಿಂತಿದ್ದು ಅಮ್ಮ ಅಲ್ಲ, ಬೇರೇದಾ? ನಮ್ಮಮ್ಮ ಇಲ್ಲಿ ಹಿತ್ತಲಲ್ಲಿ ಗಾಬರಿಯಿಂದ ಹುಡುಕ್ತಿದ್ಲಾ? ನನಗೆ ತಿಳೀತಿಲ್ಲ, ಯಾರನ್ನ ಕೇಳ್ಬೇಕು ಅಂತಾನೂ ತಿಳೀತಿಲ್ಲ.

ಭಾವ ಈಗ್ಲೂ ಬರ್ತಾರೆ, ಆ ಕಲ್ಲಿನ ಮೇಲೇ ಕೂರ್ತಾರೆ. ಬಂದಾಗಲೆಲ್ಲ ಅದೇ ಮಾತು: 'ಇನ್ನೊಂದೇ ಒಂದು ಸಲ ಕರೆದಿದ್ರೆ ತಿರುಗಿ ಬಂದ್ಬಿಡ್ತಿದ್ಲು, ಅಲ್ವೇನಯ್ಯ?'

'ಹೌದು ಭಾವ, ಬಂದ್ಬಿಡ್ತಿದ್ಲು' ಅಂತೀನಿ.