ಶನಿವಾರದ ಹೊಸ್ತಿಲು

ನಿಜಾಮರ ಕಾಲದ ತಾಂಡೂರಿನಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದ್ದರೂ ಒಂದೇ ಮಾತು ಹೇಳುತ್ತಿದ್ದರು: ಪಾದ್ರಿಯ ಬೆನ್ನು ಹತ್ತಿ ಜಹೀರಾಬಾದಿನಿಂದ ಓಡಿಬಂದ ವಿಧವೆ ಟೀಚರು. ಇದರಲ್ಲಿ ಮುಕ್ಕಾಲು ಪಾಲು ನಿಜ. ನಾನು ವಿಧವೆ, ಟೀಚರು, ಪಾದ್ರಿಯ ಬೆನ್ನು ಹತ್ತಿಯೇ ಬಂದವಳು. ಓಡಿ ಮಾತ್ರ ಬರಲಿಲ್ಲ. ಟಿಕೆಟ್ ತೆಗೆಸಿ, ವಿಕಾರಾಬಾದಿನಲ್ಲಿ ಗಾಡಿ ಬದಲಿಸಿ, ತಗಡಿನ ಪೆಟ್ಟಿಗೆಯ ಮೇಲೆ ಸೆಟೆದು ಕುಳಿತು ಬಂದೆ. ಯಾಕೆ ಬಂದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಹೇಳುವಂತಿರಲಿಲ್ಲ.

ನಮ್ಮದು ನಾರಾಯಣಖೇಡದ ಕಾಳಿನ ವ್ಯಾಪಾರದ ಮನೆ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮಾತಿಗೊಮ್ಮೆ ಶಿವ ಶಿವ. ಅಪ್ಪ ನನಗೆ ಓದು ಕಲಿಸಿದ್ದರು. ಗಂಡ ಸತ್ತಾಗ ನನಗಿನ್ನೂ ಮೈ ತುಂಬಿರಲಿಲ್ಲ. ಅಪ್ಪನೂ ಹೋದ ಮೇಲೆ ಅಣ್ಣನ ಮನೆಯಲ್ಲಿ ಕೆಲವು ವರ್ಷ ರೊಟ್ಟಿ ಬಡಿದೆ. ನನ್ನ ನಾಲಿಗೆ ಅತ್ತಿಗೆಗೆ ಆಗಿಬರಲಿಲ್ಲ; ಅತ್ತಿಗೆಯ ರೊಟ್ಟಿ ನನಗೆ ಆಗಿಬರಲಿಲ್ಲ. ಜಹೀರಾಬಾದಿನ ಮಿಷನ್ ಶಾಲೆಗೆ ಕನ್ನಡ ಬಲ್ಲ ಟೀಚರು ಬೇಕಂತೆ ಎಂದು ಸುದ್ದಿ ಬಂದಾಗ ಅಣ್ಣ ಬೇಡ ಎನ್ನಲಿಲ್ಲ. ಲಿಂಗ ತೆಗೆಯುವುದಿಲ್ಲ, ನಿಮ್ಮ ಅಡುಗೆ ಉಣ್ಣುವುದಿಲ್ಲ ಎಂದು ನಾನು ಮೊದಲೇ ಹೇಳಿದೆ. ಅಲ್ಲಿನ ದೊಡ್ಡ ಸಿಸ್ಟರ್ ನಕ್ಕು, ಮಕ್ಕಳಿಗೆ ಮಗ್ಗಿ ಬಂದರೆ ಸಾಕು ಎಂದರು. ಒಳ್ಳೆಯ ಹೆಂಗಸು.

ಅಲ್ಲಿ ಬೋರ್ಡಿಂಗಿನಲ್ಲಿ ಒಬ್ಬ ಹುಡುಗಿ ಇದ್ದಳು. ನ್ಯಾಲ್ಕಲ್ ಕಡೆಯ ಕುರಿ ಕಾಯುವವರ ಮಗಳು, ಹತ್ತರ ಆಸುಪಾಸಿನವಳು. ಅಪ್ಪ ಅವ್ವ ಬೇಸಿಗೆಯಲ್ಲಿ ಹಿಂಡು ಹೊಡೆದುಕೊಂಡು ಮಂಜೀರಾ ದಂಡೆಗೆ ಹೋಗುವವರು, ಅದಕ್ಕೆ ಇಲ್ಲಿ ಬಿಟ್ಟಿದ್ದರು. ಬಾಯಿ ಬಡುಕಿ. ಅಲ್ಲಿನ ಪಾದ್ರಿ ಪರದೇಶದವನು; ಮಕ್ಕಳಿಗೆ ಬಣ್ಣದ ಚಿತ್ರ ಕೊಡುತ್ತಿದ್ದ. ಅದರಲ್ಲಿ ಏಸುಸ್ವಾಮಿ ಕುರಿಮರಿಯನ್ನು ಎತ್ತಿಕೊಂಡ ಚಿತ್ರ ಅವಳಿಗೆ ಬಹಳ ಇಷ್ಟ. ಆದರೂ ತಪ್ಪು ಹುಡುಕದೆ ಬಿಡಲಿಲ್ಲ.

"ಟೀಚರಮ್ಮ, ಇವ್ರಿಗಿ ಮರಿ ಹಿಡಿಯಾಕ ಬರಂಗಿಲ್ರಿ. ಹಿಂಗ ಹಿಡದ್ರ ಜಿಗದು ಹೋಗ್ತದ" ಎಂದು ನನ್ನ ಚೀಲವನ್ನೇ ಮರಿ ಮಾಡಿ ಹಿಡಿದು ತೋರಿಸಿದಳು.

ಶನಿವಾರ ಸಂಜೆ ಚರ್ಚಿನ ಹಿಂದಿನ ಕೋಣೆಯಲ್ಲಿ ಭಾನುವಾರದ ಪೂಜೆಯ ಹಿತ್ತಾಳೆ ದೀಪಗಳನ್ನು ಬೆಳಗುವ ಕೆಲಸ. ಪಾದ್ರಿ ತಾನೇ ಒಂದು ಮಗುವನ್ನು ಆರಿಸುತ್ತಿದ್ದ. ಅದು ದೊಡ್ಡ ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ. ಆ ವರ್ಷ ಈ ಹುಡುಗಿಯ ಸರದಿ ಮತ್ತೆ ಮತ್ತೆ ಬಂತು. ಅವಳ ಮಾತು ಕಡಿಮೆಯಾಗುತ್ತಾ ಹೋಯಿತು. ಒಂದು ಮುಂಜಾನೆ ಬಚ್ಚಲಿನ ಒಲೆಯ ಮುಂದೆ ಕುಳಿತು ಆ ಚಿತ್ರಗಳನ್ನೆಲ್ಲ ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದಳು. ಕುರಿಮರಿಯ ಚಿತ್ರವೂ ಹೋಯಿತು.

ಪಕ್ಕದಲ್ಲಿ ಕುಳಿತೆ. ಬೈಯಲಿಲ್ಲ. ನೀರು ಕಾದು ಕುದಿಯುವ ತನಕ ಕುಳಿತಿದ್ದೆ. ಆಮೇಲೆ ಅವಳು ಹೇಳಿದಳು. ಕೋಣೆಯ ಬಾಗಿಲು ಒಳಗಿನಿಂದ ಮುಚ್ಚುತ್ತಿತ್ತು ಎಂಬುದಷ್ಟನ್ನು ಇಲ್ಲಿ ಬರೆದರೆ ಸಾಕು. ಉಳಿದದ್ದು ಅವಳದು, ನಾನು ಬರೆಯುವಂಥದ್ದಲ್ಲ. ಹೇಳಿ ಮುಗಿಸಿ ಅವಳು ಏನೂ ಆಗದವಳ ಹಾಗೆ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು. ಅದೇ ನನಗೆ ಹೆಚ್ಚು ಸಂಕಟವಾಯಿತು.

"ನನ್ನ ಹೆಸರು ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. "ನಮ್ಮ ಮಂದಿಗಿ ಗೊತ್ತಾದ್ರ ಅಪ್ಪನ್ನ ಕುಲದಾಗಿಂದ ಹೊರಗ ಹಾಕ್ತಾರ. ಆಣಿ ಮಾಡ್ರಿ."

ನಾನು ಬಾಗಿಲಾಚೆ ಕಾಣುವ ಚರ್ಚಿನ ಶಿಲುಬೆಯ ಕಡೆ ನೋಡಿದೆ. ದಿನಾ ಅದರ ಮುಂದೆ ಅಲ್ಲವೇ ಅವಳು ಕೈಮುಗಿಯುತ್ತಿದ್ದುದು.

"ಅದು ಬ್ಯಾಡ್ರಿ, ಅದು ಅವರದು. ನಿಮ್ಮ ಲಿಂಗ ಮುಟ್ಟಿ ಹೇಳ್ರಿ."

ಮುಟ್ಟಿ ಹೇಳಿದೆ. ಲಿಂಗ ಮುಟ್ಟಿ ಆಡಿದ ಮಾತನ್ನು ಮುರಿಯುವುದು ಎಂದರೇನು ಎಂದು ನಮ್ಮ ಮಂದಿಗೆ ಹೇಳಬೇಕಾಗಿಲ್ಲ. ಅವಳ ಹೆಸರನ್ನು ಈಗಲೂ ಹೇಳುತ್ತಿಲ್ಲ.

ಅದೇ ವಾರ ಅವಳ ಅಪ್ಪನಿಗೆ ಹೇಳಿಕಳಿಸಿದೆ. ಹುಡುಗಿಗೆ ಓದು ತಲೆಗೆ ಹತ್ತುವುದಿಲ್ಲ, ಕರೆದುಕೊಂಡು ಹೋಗಿ ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದೆ. ನನ್ನ ತರಗತಿಯಲ್ಲೇ ಚುರುಕಾದ ಮಗು. ಅವಳು ಅಪ್ಪನ ಕಂಬಳಿಯೊಳಗೆ ಸೇರಿಕೊಂಡು ಹೋದಳು, ತಿರುಗಿ ನೋಡಲಿಲ್ಲ.

ಹೈದರಾಬಾದಿನಿಂದ ದೊಡ್ಡ ಸ್ವಾಮಿ, ಅಂದರೆ ಬಿಷಪ್ಪರು, ತಪಾಸಣೆಗೆ ಬಂದಾಗ ಅವರ ಮುಂದೆ ನಿಂತು ಹೇಳಿದೆ. ಬಿಳಿ ಗಡ್ಡದ ಮುದುಕ, ಪರದೇಶದವರು, ಕನ್ನಡ ಚೆನ್ನಾಗಿ ಬಲ್ಲವರು. ಕೇಳುತ್ತಾ ಕೇಳುತ್ತಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾವ ಹುಡುಗಿ?" ಎಂದರು.

"ಹೆಸರು ಹೇಳಾಕ ಬರಂಗಿಲ್ರಿ. ಆಣಿ ಮಾಡೀನಿ."

"ಹೆಸರಿಲ್ಲದೆ ನಾನು ಹೇಗೆ ನಂಬಲಿ?"

"ನಾ ಅಂತೂ ಇಲ್ಲೇ ನಿಂತೀನಲ್ರಿ, ನನ್ನ ಮಾರಿ ನೋಡಿ ನಂಬ್ರಿ."

ಅವರು ನಂಬಿದರು ಎಂದೇ ನನಗನಿಸುತ್ತದೆ. ಪಾದ್ರಿಯನ್ನು ಬದಲಿ ಮಾಡುತ್ತೇನೆ, ಮಿಷನ್ನಿನ ಮರ್ಯಾದೆಯ ಪ್ರಶ್ನೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದರು. ನನಗೆ ಅಳು ಬಂತು, ಬಗ್ಗಿ ನಮಸ್ಕಾರ ಮಾಡಿದೆ. ಬಾಗಿಲ ತನಕ ಹೋದವಳು ತಿರುಗಿ, ಎಲ್ಲಿಗೆ ಎಂದು ಕೇಳಿದೆ. ತಾಂಡೂರಿಗೆ ಎಂದರು.

"ಅಲ್ಲಿ ಸಾಲಿ ಅದ ಏನ್ರಿ?"

"ಇದೆ. ಇದಕ್ಕಿಂತ ದೊಡ್ಡದು."

"ಅಲ್ಲೂ ಮಕ್ಕಳೇ ಅಲ್ಲೇನ್ರಿ ಇರೋದು?"

ಪ್ರಾರ್ಥನೆ, ಪಶ್ಚಾತ್ತಾಪ, ದೇವರ ಕರುಣೆ ಎಂದು ಬಹಳ ಹೊತ್ತು ಹೇಳಿದರು. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡಬೇಕೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇವರು ಆ ಬೇಲಿಯನ್ನು ಕಿತ್ತು ಇನ್ನೊಂದು ಹೊಲಕ್ಕೆ ನೆಟ್ಟು ಕೈ ತೊಳೆದುಕೊಂಡರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಪೊಲೀಸ್ ಅಮೀನರ ಬಳಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿದ್ದರೆ ಹುಡುಗಿಯನ್ನು ಕರೆತನ್ನಿ ಎನ್ನುತ್ತಿದ್ದರು. ಕಚೇರಿಯ ಗಂಡಸರ ನಡುವೆ ನಿಲ್ಲಿಸಿ, ಅವಳಿಗೆ ತಿಳಿಯದ ಉರ್ದುವಿನಲ್ಲಿ ಕೇಳುತ್ತಿದ್ದರು. ಪಾದ್ರಿ ಕೆಟ್ಟವನು ಎಂದು ಊರಲ್ಲಿ ಸಾರಿದ್ದರೂ ಅಷ್ಟೇ. ಕೆಟ್ಟದ್ದು ಯಾರಿಗಾಯಿತು ಎಂದು ಊರು ಹುಡುಕುತ್ತದೆ. ಆ ವರ್ಷ ಬೋರ್ಡಿಂಗ್ ಬಿಟ್ಟುಹೋದವಳು ಒಬ್ಬಳೇ.

ಹೀಗಾಗಿ ಉಳಿದದ್ದು ಒಂದೇ ದಾರಿ. ತಾಂಡೂರಿನಲ್ಲಿ ಯಾವ ಮಗುವೂ ಆ ಮನುಷ್ಯನ ಜೊತೆ ಒಂಟಿಯಾಗಿ ಇರಬಾರದು, ಅದನ್ನು ನೋಡಿಕೊಳ್ಳಲು ಯಾರಾದರೂ ಅಲ್ಲಿರಬೇಕು, ವಿಷಯ ಗೊತ್ತಿದ್ದವಳು ನಾನೊಬ್ಬಳು. ತಾಂಡೂರಿನ ಶಾಲೆಗೆ ನನ್ನನ್ನೂ ಕಳಿಸಿ ಎಂದು ದೊಡ್ಡ ಸ್ವಾಮಿಯನ್ನು ಕೇಳಿದೆ. ಜಾಗ ಖಾಲಿಯಿಲ್ಲ ಎಂದರು. ಖಾಲಿ ಇಲ್ಲದಿದ್ದರೆ ನೆಲದ ಮೇಲೆ ಕುಳಿತು ಸಣ್ಣ ಮಕ್ಕಳಿಗೆ ಅಕ್ಷರ ತಿದ್ದಿಸುತ್ತೇನೆ, ಒಂದು ಕೋಣೆ, ಒಂದಿಷ್ಟು ಜೋಳ ಕೊಡಿ ಎಂದು ಹೋಗಿ ಕುಳಿತುಬಿಟ್ಟೆ.

ಪಾದ್ರಿ ಹೋದ ತಿಂಗಳಲ್ಲೇ ವಿಧವೆ ಟೀಚರೂ ಹೋದಳು ಎಂದ ಮೇಲೆ ಊರಿಗೆ ಇನ್ನೇನು ಬೇಕು? ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಮಾತು ನಾರಾಯಣಖೇಡದ ತನಕ ಹೋಯಿತು. ಅಣ್ಣ ತಾಂಡೂರಿಗೆ ಬಂದ. ಒಳಗೆ ಬರಲಿಲ್ಲ, ನೀರು ಮುಟ್ಟಲಿಲ್ಲ.

"ಊರೆಲ್ಲ ಅಂತದ, ಖರೆ ಏನು?" ಎಂದು ಕೇಳಿದ.

"ಅಲ್ಲ."

"ಮತ್ತ ಯಾಕ ಬಂದಿ ಇಲ್ಲಿಗಿ?"

ಚಿಕ್ಕಂದಿನಿಂದ ನನ್ನ ಬಾಯಿ ಮುಚ್ಚಿಸಲಾಗದೆ ಸೋತವನು ಅವನು. ಈಗ ನಾನಾಗಿ ಬಾಯಿ ಮುಚ್ಚಿದ್ದನ್ನು ಕಂಡು ಅದನ್ನೇ ಉತ್ತರವೆಂದು ತೆಗೆದುಕೊಂಡ. "ನಮ್ಮ ಪಾಲಿಗಿ ನೀ ಸತ್ತಿ" ಎಂದು ಹೇಳಿ ಟಾಂಗಾ ಹತ್ತಿದ. ಅವ್ವ ತೀರಿಕೊಂಡದ್ದು ನನಗೆ ಎಷ್ಟೋ ದಿನದ ಮೇಲೆ ಸಂತೆಯಲ್ಲಿ ತಿಳಿಯಿತು, ನಮ್ಮೂರ ಹತ್ತಿರದ ಕಲ್ಹೇರಿನ ಒಬ್ಬ ಬಳೆಗಾರನ ಬಾಯಿಂದ. ಅವನ ಮುಂದೆ ಅಳಲಿಲ್ಲ. ಬಳೆ ತೊಡದ ಕೈಯವಳು ಬಳೆಗಾರನ ಮುಂದೆ ಯಾಕೆ ನಿಂತಿದ್ದೆನೋ, ಊರಿನ ಮಾತು ಕೇಳುವ ಆಸೆಗೇ ಇರಬೇಕು.

ತಾಂಡೂರಿನಲ್ಲೂ ಚರ್ಚಿನ ಹಿಂದೆ ಒಂದು ಕೋಣೆ, ಶನಿವಾರ ಸಂಜೆ ಅದೇ ದೀಪ ಬೆಳಗುವ ಕೆಲಸ. ಮೊದಲ ಶನಿವಾರವೇ ನಾನು ಮೊರದ ತುಂಬ ತೊಗರಿಬೇಳೆ ಹಾಕಿಕೊಂಡು ಹೋಗಿ ಆ ಕೋಣೆಯ ಹೊಸ್ತಿಲ ಮೇಲೆ ಕುಳಿತೆ. ತಾಂಡೂರಿನಲ್ಲಿ ಬೇಳೆಗೆ ಬರವಿಲ್ಲ, ಬೇಳೆಯಲ್ಲಿ ಕಲ್ಲಿಗೂ ಬರವಿಲ್ಲ. ಪಾದ್ರಿ ಬಂದ. ನನ್ನನ್ನು ಕಂಡು ನಿಂತ.

"ಇಲ್ಲೇನು ಮಾಡುತ್ತಿದ್ದೀರಿ?"

"ಬ್ಯಾಳಿ ಆರಸಾಕತ್ತೀನ್ರಿ."

"ನಿಮ್ಮ ಕೋಣೆಯಲ್ಲಿ ಆರಿಸಬಹುದಲ್ಲ?"

"ಅಲ್ಲಿ ಬೆಳಕು ಕಡಿಮಿ ಅದರಿ. ಕಲ್ಲು ಕಾಣಂಗಿಲ್ಲ."

ಅವನ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ನನಗೆ ಗೊತ್ತಿದೆ ಎಂದು ಅವನಿಗೆ ಆಗ ಗೊತ್ತಾಯಿತು. ಹೊಸ್ತಿಲ ಮೇಲೆ ನಾನಿದ್ದರೆ ಬಾಗಿಲು ಮುಚ್ಚಲು ಬರುತ್ತಿರಲಿಲ್ಲ, ನನಗೆ ಬೇಕಾದದ್ದು ಅಷ್ಟೇ. ಅಂದಿನಿಂದ ಪ್ರತಿ ಶನಿವಾರ ಕುಳಿತೆ. ಉಳಿದ ದಿನಗಳಲ್ಲೂ ಬಂಗಲೆಗೆ ಮಗುವನ್ನು ಕರೆದರೆ ಇಬ್ಬರನ್ನು ಕಳಿಸುತ್ತಿದ್ದೆ, ಇಬ್ಬರ ಹಿಂದೆ ನಾನೂ ಏನಾದರೂ ನೆವ ಹುಡುಕಿ ಹೋಗುತ್ತಿದ್ದೆ. ಊರಿನ ಕಣ್ಣಿಗೆ ಅದೂ ಸೇರಿ ಲೆಕ್ಕ ಸರಿಹೋಯಿತು: ನೋಡಿ, ಅವನ ಬಾಗಿಲಲ್ಲೇ ಬಿದ್ದಿರುತ್ತಾಳೆ. ಒಬ್ಬ ಎಳೆಯ ಸಿಸ್ಟರ್ ನನ್ನ ಕೈ ಹಿಡಿದು, ಉಪವಾಸ ಮಾಡಿದರೆ ಮನಸ್ಸಿನ ಮೋಹ ಕಡಿಮೆಯಾಗುತ್ತದೆ ಎಂದು ಬುದ್ಧಿ ಹೇಳಿದಳು. ಪಾಪದ ಹುಡುಗಿ. ಪ್ರಯತ್ನ ಮಾಡುತ್ತೇನವ್ವ ಎಂದೆ.

ಒಂಟಿತನವೆಂದರೆ ಮಾತಾಡಲು ಜನರಿಲ್ಲದಿರುವುದು ಎಂದುಕೊಂಡಿದ್ದೆ. ಹಾಗಲ್ಲ. ನನ್ನ ಸುತ್ತ ದಿನವಿಡೀ ಮಕ್ಕಳ ಗಲಾಟೆ ಇರುತ್ತಿತ್ತು. ಆದರೆ ಬಾವಿಕಟ್ಟೆಗೆ ಹೋದರೆ ಕೊಡಗಳು ಸರಿಯುತ್ತಿದ್ದವು. ಬಸವಣ್ಣನ ಗುಡಿಯಲ್ಲಿ ನಮ್ಮ ಮಂದಿ ಪ್ರಸಾದವನ್ನು ಮೇಲಿಂದ ಹಾಕುತ್ತಿದ್ದರು. ನಾನು ಹೇಗಿದ್ದೇನೋ ಹಾಗೆ ನನ್ನನ್ನು ಕಂಡವನು ಆ ಊರಲ್ಲಿ ಒಬ್ಬನೇ, ಆ ಪಾದ್ರಿ.

ಕೊನೆಗೆ ಮಾತು ಮಕ್ಕಳ ತಾಯಂದಿರಿಗೂ ಮುಟ್ಟಿತು. ಕಲ್ಲಿನ ಗಣಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಇದ್ದಳು, ಹೊಸದಾಗಿ ಕಿರಿಸ್ತಾನಳಾದವಳು. ಅವಳ ಮಗಳು ಮೊದಲ ಪರಮಪ್ರಸಾದಕ್ಕೆ, ಅಂದರೆ ಚರ್ಚಿನ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯುವುದಕ್ಕೆ, ತಯಾರಾಗುತ್ತಿದ್ದಳು; ಶನಿವಾರದ ದೀಪಕ್ಕೂ ಪಾದ್ರಿ ಅವಳನ್ನೇ ಆರಿಸಿದ್ದ. ಒಂದು ಶನಿವಾರ ಆ ತಾಯಿ ಸೀದಾ ಬಂದು ಹೊಸ್ತಿಲಿನ ಇನ್ನೊಂದು ತುದಿಗೆ ಕುಳಿತಳು.

"ನನ್ನ ಮಗಳು ನಿಮ್ಮಂಥಾಕಿ ಹತ್ತಿರ ಇರ್ತಾಳಂದ್ರ ನಾ ಕಾಯಬೇಕು" ಎಂದಳು, ನನ್ನ ಮುಖ ನೋಡದೆ.

"ಕಾಯ್ರಿ" ಎಂದು ಜರುಗಿ ಜಾಗ ಕೊಟ್ಟೆ. ಅವಮಾನ ಆಗಬೇಕಿತ್ತು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಯಾರನ್ನು ಕಾಯಲು ಬಂದರೇನು, ಕಾಯಲು ಇನ್ನೊಬ್ಬರು ಬಂದರು. ಮುಂದಿನ ಶನಿವಾರವೂ ಬಂದಳು. ನಾನು ಬೇಳೆ ಆರಿಸುತ್ತಿದ್ದೆ, ಅವಳು ಮಗಳನ್ನೇ ನೋಡುತ್ತಿದ್ದಳು.

ಆ ಮಳೆಗಾಲದಲ್ಲಿ ನನಗೆ ಚಳಿಜ್ವರ ಹಿಡಿಯಿತು. ಶನಿವಾರ ಬಂದದ್ದು ತಿಳಿಯಿತು, ಏಳಲು ಹೋದರೆ ಕಾಲು ನಿಲ್ಲಲಿಲ್ಲ. ಗೋಡೆ ಹಿಡಿದು, ಮರ ಹಿಡಿದು ಹೇಗೋ ಚರ್ಚಿನ ಹಿಂದಕ್ಕೆ ಹೋದಾಗ ದೀಪ ಬೆಳಗುವ ಹೊತ್ತು ಮುಗಿಯುತ್ತಾ ಬಂದಿತ್ತು. ಆ ಹೆಂಗಸು ಹೊಸ್ತಿಲ ನಟ್ಟನಡುವೆ, ಎರಡೂ ಕಡೆ ಕಾಲು ಊರಿ ಕುಳಿತಿದ್ದಳು. ಮಗಳು ಅವಳ ಬೆನ್ನ ಹಿಂದೆ ದೀಪ ತಿಕ್ಕುತ್ತಿದ್ದಳು. ಪಾದ್ರಿ ಅಲ್ಲಿರಲಿಲ್ಲ.

ನನ್ನನ್ನು ಕೂರಿಸಿ ತನ್ನ ಸೆರಗನ್ನು ನನ್ನ ಮೈಗೆ ಹೊದಿಸಿದಳು.

"ನೀವು ಬರಲಿಲ್ಲ. ನೀವು ಬರಲಿಲ್ಲಂತ ಗೊತ್ತಾದ ಕೂಡಲೆ ಅಂವ ಬಂದ" ಎಂದಳು. "ನನಗ ಹೊರಗ ಹೋಗು, ಮಗಳು ಇರಲಿ ಅಂದ. ನಾ ಏಳಲಿಲ್ಲ. ಅವನ ಮಾರಿ ನೋಡಿದೆ. ಟೀಚರಮ್ಮ, ನೀವು ಇಷ್ಟು ದಿನ ಯಾರನ್ನ ಕಾಯಾಕ ಕುಂತಿದ್ರಿ ಅಂತ ನನಗ ತಿಳೀತು."

ಅಳು ತಡೆಯಲಾಗಲಿಲ್ಲ, ಅವಳ ತೊಡೆಯ ಮೇಲೆ ತಲೆ ಇಟ್ಟು ಅತ್ತೆ. ಆಣೆ ಮುರಿಯದೆ ಒಬ್ಬಳಿಗೆ ಗೊತ್ತಾಯಿತಲ್ಲ ಎಂಬುದೇ ನನಗೆ ಸಾಕಾಗಬೇಕಿತ್ತು. ಸಾಲಲಿಲ್ಲ. ಜ್ವರದ ಬಾಯಲ್ಲಿ ಮೊದಲ ಸಲ ನನಗಾಗಿ ಒಂದು ಮಾತು ಕೇಳಿದೆ.

"ಊರಾಗ ಒಂದು ಮಾತು ಹೇಳವ್ವ. ನಾ ಅಂಥಾಕಿ ಅಲ್ಲ ಅಂತ ಅಷ್ಟೇ ಹೇಳು. ನಮ್ಮಣ್ಣನ ಕಿವಿ ತನಕ ಹೋಗ್ಲಿ."

ಅವಳು ದೀಪ ತಿಕ್ಕುತ್ತಿದ್ದ ಮಗಳ ಕಡೆ ತಿರುಗಿ ನೋಡಿದಳು.

"ಹೇಳಬಹುದ್ರಿ. ಹೇಳಿದ್ರ, ನಿನಗ ಹ್ಯಾಂಗ ಗೊತ್ತಾತು ಅಂತ ಕೇಳ್ತಾರ. ನನ್ನ ಮಗಳ ಕಡಿ ನೋಡ್ತಾರ. ನಾಳಿ ಆಕೀನ ಒಂದು ಮನಿಗಿ ಕೊಡಬೇಕಲ್ರಿ."

"ಬ್ಯಾಡ" ಎಂದೆ. "ಹೇಳಬ್ಯಾಡ."

ಆಮೇಲೆ ಅವಳು ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಪಾದ್ರಿ ಆರೋಗ್ಯ ಸರಿಯಿಲ್ಲವೆಂದು ತನ್ನ ದೇಶಕ್ಕೆ ಹಡಗು ಹತ್ತುವವರೆಗೆ ನಾವಿಬ್ಬರೂ ಅಲ್ಲಿ ಕುಳಿತೆವು. ನಾನು ಹುಷಾರಾದ ಮೇಲೆ ಮೊದಲ ಸಲ ಸಂತೆಗೆ ಹೋದ ದಿನ ಅವಳು ಗಣಿಯ ಹೆಂಗಸರ ನಡುವೆ ನಿಂತಿದ್ದಳು. ನನ್ನನ್ನು ಕಂಡು ಅವರಲ್ಲಿ ಒಬ್ಬಳು ಪಾದ್ರಿಯ ಹೆಸರೆತ್ತಿ ಏನೋ ಅಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗದೆ ಗತಿಯಿರಲಿಲ್ಲ, ಮಗಳು ಪಕ್ಕದಲ್ಲೇ ನಿಂತಿದ್ದಳು.